ಕೆವಿನಪ್ಪನನ್ನು ಮಣ್ಣು ಮಾಡಿದ್ದು

ಶಿವಬಸಪ್ಪನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ. ಎಲ್ಲೋ ಒಂದೆರಡು ಹುಟ್ಟಿದ್ದರೂ ಅವು ಮಿಶಿಗನ್ನಿನ ವಿಕ್ಸಮ್ ಎಂಬ ಸಣ್ಣ ಊರಿನ ಕಡೆ ತಲೆ ಹಾಕಿರಲಿಲ್ಲ. ಅಲ್ಲಿನ ಇಂಡಸ್ಟ್ರಿಯಲ್ ಪಾರ್ಕಿನ ಒಂದು ಕಂಪನಿಯಲ್ಲಿ ಅವನು ಕಾರುಗಳ ಬಾಡಿ ಡಿಸೈನ್ ಮಾಡುವ ಎಂಜಿನಿಯರ್. ಹೀಗಾಗಿ ಲೋಕದ ಸಕಲ ಚರಾಚರ ವಸ್ತುಗಳನ್ನೂ ಅವನು ಕಾರಿನ ಲೆಕ್ಕದಲ್ಲೇ ಅರ್ಥ ಮಾಡಿಕೊಳ್ಳುತ್ತಿದ್ದ. ಮದುವೆ ಅಂದರೆ ಗೇರ್‌ಬಾಕ್ಸ್. ಆ್ಯನ್ ಆರ್ಬರಿನಲ್ಲಿ ಓದುತ್ತಿದ್ದ ಮಗಳು ಅಂದರೆ ಮೈಲೇಜ್ ಕೊಡದ ಗಾಡಿ. ಊರಿನಿಂದ ಬಂದು ಆರು ತಿಂಗಳ ಮಟ್ಟಿಗೆ ಜೊತೆಗಿದ್ದ ತಾಯಿ ರುದ್ರಮ್ಮನ ಮೊಣಕಾಲು ನೋವು ಅಂದರೆ ಸಸ್ಪೆನ್ಶನ್ ಪ್ರಾಬ್ಲೆಮ್.

ಆದ್ದರಿಂದ ಆ ಶುಕ್ರವಾರ ಸಂಜೆ ಹೆಂಡತಿ ಸ್ಮಿತಾ ಗಾಜಿನ ತೊಟ್ಟಿಯ ಮುಂದೆ ನಿಂತು ಏಡಿಯ ಬಗ್ಗೆ ಹೇಳಲು ಬಾಯಿ ತೆರೆದಾಗ ಅವನು ಟ್ರಾಫಿಕ್ ಪೊಲೀಸನ ಹಾಗೆ ಕೈ ಎತ್ತಿದ.

"ನೀ ಏನೂ ಹೇಳಬ್ಯಾಡ. ಟ್ರಕ್ಕಿಗೆ ಚಾಸಿ ಬ್ಯಾರೆ, ಬಾಡಿ ಬ್ಯಾರೆ. ಚಾಸಿ ಒಳಗಿರತೈತಿ. ಅದು ನಾವು, ಮನಷ್ಯಾರು. ಕಾರಿಗೆ ಬಾಡೀನ ಚಾಸಿ. ಅದು ಏಡಿ. ಮುಗೀತು."

"ಮುಗೀಲಿಲ್ರೀ. ಅದು ಒಮ್ಮೊಮ್ಮೆ..."

"ಗೊತ್ತೈತಿ. ಪ್ಲೇನ್‌ಫೀಲ್ಡಿನಾಗ ಕುಬಸದ ಮನ್ಯಾಗ ನಿಮ್ಮಕ್ಕ ಕಾಯಾಕತ್ತಾಳ, ನಡಿ ನಡಿ."

ಸ್ಮಿತಾ ಹೊಸ್ತಿಲ ಹತ್ತಿರ ನಿಂತು ಒಮ್ಮೆ ಹಿಂದಕ್ಕೆ ನೋಡಿದಳು. ಗಂಡಸರ ಕೈಗೆ ಮನೆ ಒಪ್ಪಿಸಿ ಹೊರಡುವ ಎಲ್ಲ ಹೆಂಗಸರೂ ಹಾಗೆ ನೋಡುತ್ತಾರೆ. ಒಲೆ, ನಲ್ಲಿ, ಬಾಗಿಲು, ಗಂಡ, ಈ ಕ್ರಮದಲ್ಲಿ. ಅಂದು ಆ ನೋಟದಲ್ಲಿ ಒಂದು ಏಡಿಯೂ ಸೇರಿಕೊಂಡಿತ್ತು.

ಸೇರದೆ ಏನು ಮಾಡೀತು? ಅವಳು ಮದುವೆಯಾಗಿ ಬಂದ ಮೇಲೆ ವೀಸಾ ಕೆಲಸ ಮಾಡಲು ಬಿಡಲಿಲ್ಲ, ವೀಸಾ ಬಿಟ್ಟಾಗ ಮಗಳು ಬಿಡಲಿಲ್ಲ. ಮಗಳು ಕಾಲೇಜಿಗೆ ಹೋದ ಮೇಲೆ ಸಂಜೆ ಕ್ಲಾಸಿಗೆ ಹೋಗಿ ಟೀಚರ್ ಸರ್ಟಿಫಿಕೇಟ್ ತೆಗೆದುಕೊಂಡು, ಹತ್ತಿರದ ಶಾಲೆಯಲ್ಲಿ ಎರಡನೆಯ ತರಗತಿಗೆ ಸಹಾಯಕಿಯಾಗಿ ಸೇರಿದ್ದಳು. ಬರುವ ಸೋಮವಾರ, ಸ್ಪ್ರಿಂಗ್ ಬ್ರೇಕ್ ಮುಗಿದ ದಿನ, ಮೊದಲ ಸಲ ತಾನೊಬ್ಬಳೇ ಪಾಠ ಮಾಡಬೇಕು. ಹಿಂದಿನ ಬೆಂಚಿನಲ್ಲಿ ಪ್ರಿನ್ಸಿಪಾಲ್ ಕೂತು ನೋಡುತ್ತಾರೆ. ಮೆಚ್ಚಿದರೆ ಮುಂದಿನ ವರ್ಷ ಒಂದು ತರಗತಿ ಅವಳದೇ. ಪಾಠದ ವಿಷಯ, ಎಲುಬು ಒಳಗಿರುವ ಪ್ರಾಣಿ ಮತ್ತು ಎಲುಬು ಹೊರಗಿರುವ ಪ್ರಾಣಿ. ಅದಕ್ಕೆ ಸಾಕ್ಷಿ, ಮಕ್ಕಳೆಲ್ಲ ಪ್ರಾಣ ಇಟ್ಟುಕೊಂಡಿದ್ದ, ರಜೆಯ ಮಟ್ಟಿಗೆ ಅವಳು ಮನೆಗೆ ತಂದಿಟ್ಟುಕೊಂಡಿದ್ದ ಕ್ಲಾಸಿನ ಏಡಿ. ಕೆಂಪು ಕೊಂಡಿಯ, ಅಂಗೈಯಗಲದ ಆ ಜೀವಕ್ಕೆ ಮಕ್ಕಳು ಇಟ್ಟ ಹೆಸರು ಕೆವಿನ್. ರುದ್ರಮ್ಮ ಹಿರಿಯರಿಗೆ ಸಲ್ಲುವ ಮರ್ಯಾದೆ ಸೇರಿಸಿ ಕೆವಿನಪ್ಪ ಎಂದು ಕರೆಯುತ್ತಿದ್ದಳು.

ಶನಿವಾರ ಬೆಳಿಗ್ಗೆ ಚಹಾದ ಕಪ್ಪು ಹಿಡಿದು ಶಿವಬಸಪ್ಪ ತೊಟ್ಟಿಯಲ್ಲಿ ಇಣುಕಿದ. ಕೆವಿನ್ ಮರಳಿನ ಮೇಲೆ ಅಂಗಾತ ಬಿದ್ದಿದ್ದ. ಗಾಜು ಬಡಿದ, ಅಲುಗಲಿಲ್ಲ. ಚಮಚದಿಂದ ಎತ್ತಿದ. ಹತ್ತಿಯಷ್ಟು ಹಗುರ. ಜೀವ ಹೋದರೆ ತೂಕ ಇಷ್ಟು ಇಳಿಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ; ಆದರೆ ಗೊತ್ತಾದ ತಕ್ಷಣ ಮೊದಲಿನಿಂದಲೂ ಗೊತ್ತಿದ್ದಂತೆ ತಲೆಯಾಡಿಸಿದ.

"ಅವ್ವಾ, ಕೆವಿನ್ ಹೋದ."

"ಎಲ್ಲಿಗಿ ಹೋದ? ಬಾಗಲಾ ಹಾಕೈತಿ."

"ಹೋಗೇ ಬಿಟ್ಟ."

ರುದ್ರಮ್ಮ ಬಂದು ನೋಡಿ ಸೋಫಾದ ಮೇಲೆ ಕುಸಿದಳು. ಸ್ವಲ್ಪ ಹೊತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, "ತಮ್ಮಾ, ರಾತ್ರಿ ನಾ ಅದಕ್ಕ ಒಂದು ಚೂರು ಶೇಂಗಾ ಹೋಳಿಗಿ ಹಾಕಿದ್ದೆ. ಪಿಳಿಪಿಳಿ ನೋಡಾಕತ್ತಿತ್ತು" ಎಂದಳು.

ಶಿವಬಸಪ್ಪ ತಾಯಿಯನ್ನು ಬಯ್ಯಲು ಬಾಯಿ ತೆಗೆದು ಮುಚ್ಚಿದ. ತೊಟ್ಟಿಯ ನೀರು ಬೆಚ್ಚಗಿಡುವ ಹೀಟರಿನ ಪ್ಲಗ್ ಕಿತ್ತು ಅವನೇ ತನ್ನ ಫೋನ್ ಚಾರ್ಜಿಗೆ ಹಾಕಿದ್ದ. ಆ ಪ್ಲಗ್ ಇನ್ನೂ ಅಲ್ಲೇ ನೇತಾಡುತ್ತಿತ್ತು.

"ಸ್ಮಿತಾಗ ಹೇಳೂದು ಹೆಂಗ?" ಎಂದ.

"ಹೇಳೂದು ಆಮ್ಯಾಲ. ಮೊದಲು ಮಣ್ಣು ಮಾಡು. ನಮ್ಮ ಮನ್ಯಾಗ ಜೀವ ಬಿಟ್ಟೈತಿ, ಕಸದ ಡಬ್ಬಿಗಿ ಒಗೀತೀ ಏನು? ಮತ್ತ ನೆನಪಿರ್ಲಿ, ನಮ್ಮಲ್ಲಿ ಮಲಗಿಸಂಗಿಲ್ಲ, ಕುಂದರಿಸಿ ಮಣ್ಣು ಮಾಡತಾರ."

"ಏಡಿ ಯಾವಾಗಲೂ ಕುಂತ ಇರತೈತವ್ವಾ."

"ಹಂಗಾರ ಚಲೋ ಆತು."

ಹಿಂದಿನ ಅಂಗಳದ ಮಣ್ಣು ಮಿಶಿಗನ್ನಿನ ಚಳಿಗಾಲವನ್ನು ಇನ್ನೂ ಪೂರ್ತಿ ಮರೆತಿರಲಿಲ್ಲ. ಶಿವಬಸಪ್ಪ ಗುದ್ದಲಿಯ ಬದಲು ಸ್ಕ್ರೂಡ್ರೈವರಿನಿಂದ ಕೆದರುತ್ತಿದ್ದ. ಇಳಕಲ್ ಸೀರೆಯ ಮೇಲೆ ಮಗನ ಜಾಕೆಟ್, ಕಾಲಿಗೆ ಸೊಸೆಯ ಸ್ನೋ ಬೂಟು ಹಾಕಿಕೊಂಡ ರುದ್ರಮ್ಮ ಖಾಲಿ ಪೇಢೆ ಡಬ್ಬಿಯಲ್ಲಿ ಕೆವಿನಪ್ಪನನ್ನು ಕೂರಿಸಿ, ಬೆನ್ನ ಮೇಲೆ ವಿಭೂತಿ ಎಳೆದು, ಮುಚ್ಚಳ ಹಾಕಿ, ಊದುಬತ್ತಿ ಹಚ್ಚಿ, ಮೆಲ್ಲಗೆ ಹಾಡತೊಡಗಿದಳು.

ಆಗ ಬೇಲಿಯ ಆಚೆ ಒಂದು ನಾಯಿ ಬೊಗಳಿತು. ನಾಯಿಯ ಹಗ್ಗದ ಇನ್ನೊಂದು ತುದಿಯಲ್ಲಿ ಡೋನಾ ಇದ್ದಳು.

ಡೋನಾ ಆ ಸಬ್‌ಡಿವಿಷನ್ನಿನ ಮನೆಮಾಲೀಕರ ಸಂಘದ ಅಧ್ಯಕ್ಷೆ. ಹುಲ್ಲು ಒಂದು ಬೆರಳು ಹೆಚ್ಚು ಬೆಳೆದರೂ ಅವಳಿಗೆ ನಿದ್ದೆ ಬರುತ್ತಿರಲಿಲ್ಲ, ಮರುದಿನ ಆ ಮನೆಯವರಿಗೂ ಬರುತ್ತಿರಲಿಲ್ಲ.

"ಶಿವ್, ಏನದು ಅಗೆಯುತ್ತಿರುವುದು?"

ಶಿವಬಸಪ್ಪ ಟುಲಿಪ್ ಗಡ್ಡೆ ಎನ್ನಬೇಕೆಂದುಕೊಂಡ. ಅಷ್ಟರಲ್ಲಿ ರುದ್ರಮ್ಮ ತನಗೆ ಬರುವ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿ, ಎರಡೂ ಕೈ ಮುಗಿದು, ಆಕಾಶ ತೋರಿಸಿ, "ಕೆವಿನ್. ಗಾನ್" ಎಂದಳು.

ಡೋನಾಳ ಕೈ ಎದೆಗೆ ಹೋಯಿತು. "ಅಯ್ಯೋ ದೇವರೇ! ಕೆವಿನ್ ಯಾರು?"

ಸ್ಮಿತಾಳ ಕ್ಲಾಸಿನ ಏಡಿ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಡೋನಾಳ ಮೊಮ್ಮಗಳು ಹೇಲಿ ಅದೇ ಕ್ಲಾಸಿನವಳು. ಇಲ್ಲಿ ಹೇಳಿದರೆ ಮಧ್ಯಾಹ್ನದ ಹೊತ್ತಿಗೆ ಊರೆಲ್ಲ, ಸಂಜೆಗೆ ಸ್ಮಿತಾ. ಶಿವಬಸಪ್ಪನ ಬುದ್ಧಿ ತನ್ನ ಶಕ್ತಿಗೆ ಮೀರಿ ಓಡಿ, ಎದುರು ಸಿಕ್ಕ ಮೊದಲ ಸಂಬಂಧಕ್ಕೆ ಡಿಕ್ಕಿ ಹೊಡೆಯಿತು.

"ಸ್ಮಿತಾಳ ಅಣ್ಣ" ಎಂದ.

ಡೋನಾ ಪೇಢೆ ಡಬ್ಬಿಯನ್ನು ನೋಡಿದಳು. "ಇದು... ಬೂದಿಯೇ?"

ಡಬ್ಬಿಯ ಅಂಚಿನಲ್ಲಿ ವಿಭೂತಿ ಚೆಲ್ಲಿತ್ತು. ಬೂದಿ ಅಲ್ಲ ಎಂದು ಹೇಳುವ ಹಾಗಿರಲಿಲ್ಲ. ಶಿವಬಸಪ್ಪ ತಲೆ ತಗ್ಗಿಸಿದ.

"ಎಂಥ ವಿಚಿತ್ರ ನೋಡಿ, ಹೇಲಿಯ ಕ್ಲಾಸಿನ ಏಡಿಯ ಹೆಸರೂ ಕೆವಿನ್!"

"ನಮ್ಮ ಧಾರವಾಡದ ಕಡೆ ಬಹಳ ಸಾಮಾನ್ಯ ಹೆಸರು" ಎಂದ ಶಿವಬಸಪ್ಪ.

ಡೋನಾ ಕಣ್ಣೊರೆಸಿಕೊಂಡಳು. ಆದರೆ ಅಧ್ಯಕ್ಷೆ ಅಧ್ಯಕ್ಷೆಯೇ. ನಾಲ್ಕು ಹೆಜ್ಜೆ ಹೋದವಳು ತಿರುಗಿ, "ಈ ದುಃಖದಲ್ಲಿ ಹೇಳಬಾರದು, ಆದರೆ ಮನುಷ್ಯರ ಅವಶೇಷ ಹೂಳಲು ನಮ್ಮ ನಿಯಮದಲ್ಲಿ ಅವಕಾಶವಿಲ್ಲ. ನಾಳೆ ಬಂದು ಮಾತಾಡುತ್ತೇನೆ. ಊಟಕ್ಕೆ ಲಸಾನ್ಯಾ ಮಾಡಿ ತರಲೇ?" ಎಂದಳು.

ಒಂದು ಏಡಿಯ ಜಾಗಕ್ಕೆ ಇನ್ನೊಂದು ಏಡಿ ತಂದಿಟ್ಟರೆ ಸಮಸ್ಯೆ ಬಗೆಹರಿಯುತ್ತದೆ ಎಂಬುದು ಎಂಜಿನಿಯರನ ತರ್ಕ. ಪಾರ್ಟ್ ಹೋದರೆ ಪಾರ್ಟ್ ಬದಲಿಸಬೇಕು. ಸಾಕುಪ್ರಾಣಿಗಳ ಅಂಗಡಿಯ ಹುಡುಗಿ, "ಕೆಂಪು ಕೊಂಡಿಯದು ಮುಂದಿನ ವಾರ ಬರುತ್ತದೆ. ಅಲ್ಲಿಯವರೆಗೆ ಹ್ಯಾಮ್‌ಸ್ಟರ್ ಕೊಡಲೇ?" ಎಂದು ಕೇಳಿದಳು.

"ಅದರ ಎಲುಬು ಒಳಗಿರುತ್ತದೆ" ಎಂದು ಶಿವಬಸಪ್ಪ ದುಃಖದಿಂದ ಹೊರಬಂದ.

ಉಳಿದದ್ದು ಪಕ್ಕದ ನೋವಿ ಎಂಬ ಊರಿನ ಏಷ್ಯನ್ ಅಂಗಡಿಯ ಮೀನಿನ ವಿಭಾಗ. ಹಿಂದಿನ ವರ್ಷ ಕನ್ನಡ ಕೂಟದ ಊಟದಲ್ಲಿ ಯಾರೋ ತಂದ ಕೇಕಿನಲ್ಲಿ ಮೊಟ್ಟೆ ಇದೆಯೆಂದು ಮೈಕ್ ಹಿಡಿದು ಭಾಷಣ ಮಾಡಿದ್ದ ಶಿವಬಸಪ್ಪ, ಮಂಕಿ ಕ್ಯಾಪನ್ನು ಮೂಗಿನವರೆಗೆ ಎಳೆದುಕೊಂಡು ಆ ಕಟ್ಟೆಯ ಮುಂದೆ ನಿಂತ. ಬುಟ್ಟಿಯ ತುಂಬ ನೀಲಿ ಏಡಿಗಳು, ಒಂದೊಂದೂ ಕೆವಿನ್‌ನ ಅಜ್ಜನಷ್ಟಿದ್ದವು.

"ಇದರಲ್ಲಿ ಸಣ್ಣದು ಕೊಡಿ. ಸ್ವಭಾವ ಒಳ್ಳೆಯದಿರಬೇಕು" ಎಂದ.

ಅಂಗಡಿಯವನು ಇಕ್ಕುಳ ಕೆಳಗಿಟ್ಟ. "ಸ್ವಭಾವವೇ?"

"ಮಕ್ಕಳ ಜೊತೆ ಇರಬೇಕಾದದ್ದು."

"ಆವಿಯಲ್ಲಿ ಬೇಯಿಸಿದ ಮೇಲೆ ಎಲ್ಲದರ ಸ್ವಭಾವವೂ ಒಳ್ಳೆಯದೇ ಸಾರ್. ಕತ್ತರಿಸಿ ಕೊಡಲೇ?"

"ಬೇಡ! ಹಾಗೇ ಕೊಡಿ. ಜೋಪಾನ!"

ಆ "ಜೋಪಾನ" ಸ್ವಲ್ಪ ಜೋರಾಯಿತು. ಹಿಂದಿನಿಂದ ಒಂದು ಪರಿಚಿತ ಗಂಟಲು ಕೆಮ್ಮಿತು.

"ಏನ್ ಶಿವಬಸಪ್ಪನೋರೇ! ತರಕಾರಿ ಆ ಕಡೆ ಅಲ್ವಾ ಇರೋದು?"

ಕನ್ನಡ ಕೂಟದ ಕಾರ್ಯದರ್ಶಿ ರಘೋತ್ತಮ. ಅದೇ ಹೊತ್ತಿಗೆ ಶಿವಬಸಪ್ಪನ ಕೈಯಲ್ಲಿದ್ದ ಚೀಲ ತಾನಾಗಿಯೇ ಎಡಕ್ಕೆ ವಾಲಿ ಬಲಕ್ಕೆ ವಾಲಿತು.

"ಇದು ನನಗಲ್ರೀ, ಸ್ಮಿತಾಗ."

"ಓಹೋ, ಮನೆಯವರೂ ಶುರು ಹಚ್ಕೊಂಡ್ರಾ! ಪರ್ವಾಗಿಲ್ಲ ಬಿಡಿ, ನಾನ್ಯಾರಿಗೂ ಹೇಳಲ್ಲ."

ರಘೋತ್ತಮ ಯಾರಿಗೂ ಹೇಳುವುದಿಲ್ಲ ಎಂದರೆ ಒಬ್ಬೊಬ್ಬರಿಗೆ ಹೇಳುವುದಿಲ್ಲ ಎಂದರ್ಥ. ವಾಟ್ಸಾಪ್ ಗ್ರೂಪಿನಲ್ಲಿ ಒಟ್ಟಿಗೇ ಹೇಳುತ್ತಾನೆ.

ಮನೆಗೆ ಬಂದ ಹೊಸ ಏಡಿ ತೊಟ್ಟಿಯಲ್ಲಿ ಹಿಡಿಸಲಿಲ್ಲ. ಬಾತ್‌ಟಬ್ಬಿನಲ್ಲಿ ಬಿಟ್ಟರು. ಅದು ಎರಡೂ ಕೊಂಡಿ ಎತ್ತಿ, ಕುಸ್ತಿಗೆ ಬಂದ ಪೈಲ್ವಾನನ ಹಾಗೆ ನಿಂತಿತು.

"ತಮ್ಮಾ, ಇದು ನೀಲಿ ಐತಿ" ಎಂದಳು ರುದ್ರಮ್ಮ, ಬಾಗಿಲ ಆಚೆಯಿಂದಲೇ.

"ಥಂಡಿಗೆ ನೀಲಿ ಆಗೈತಿ ಅನ್ನೂಣು."

"ಅದರ ಹತ್ತರಷ್ಟ ಐತಲ್ಲೋ!"

"ರಜಾದಾಗ ಹುಡುಗರು ಬೆಳೀತಾರ. ಏಡಿ ಬೆಳೀಬಾರದೇನು?"

ಸಂಜೆ ಫೋನ್ ಬಂತು. ಸ್ಮಿತಾಳ ಅಕ್ಕ ಶೈಲಾ. ಹಿಂದೆ ಕುಬಸದ ಮನೆಯ ಗದ್ದಲ, ಬಳೆಗಳ ಸದ್ದು, ಹಾಡು.

"ಏನ್ರಿ ಶಿವಬಸಪ್ಪನವರ, ನೀವು ಏಡಿ ತಿನ್ನಾಕತ್ತೀರಂತ? ಇಲ್ಲಿ ಬಸುರಿ ಹೆಂಗಸು ನಕ್ಕೂ ನಕ್ಕೂ ಹೊಟ್ಟಿ ಹಿಡಕೊಂಡಾಳ. ಪ್ಲೇನ್‌ಫೀಲ್ಡ್ ಪೂರಾ ಗೊತ್ತಾಗೈತಿ."

ವಿಕ್ಸಮ್‌ನಿಂದ ಪ್ಲೇನ್‌ಫೀಲ್ಡಿಗೆ ಮುನ್ನೂರು ಮೈಲಿ. ಸುದ್ದಿಗೆ ಟೋಲ್ ಇಲ್ಲ.

"ಅಕ್ಕಾರ, ಹಂಗಲ್ಲದು..." ಎನ್ನುವಷ್ಟರಲ್ಲಿ ಫೋನ್ ಕೈ ಬದಲಾಯಿತು. ಸ್ಮಿತಾಳ ದನಿ ಬಹಳ ಶಾಂತವಾಗಿತ್ತು. ಆ ಶಾಂತಿಯನ್ನು ಶಿವಬಸಪ್ಪ ಬಲ್ಲ. ಬಿರುಗಾಳಿಯ ಸೈರನ್ನಿಗೆ ಮುಂಚೆ ವಿಕ್ಸಮ್ಮಿನ ಆಕಾಶ ಹಾಗೇ ಇರುತ್ತದೆ.

"ರೀ, ನನಗ ಕೆವಿನ್ ಅಂತ ಒಬ್ಬ ಅಣ್ಣ ಯಾವಾಗ ಹುಟ್ಟಿದ್ದ?"

ಶಿವಬಸಪ್ಪ ಫೋನನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಿಸಿದ.

"ಡೋನಾ ಮೆಸೇಜ್ ಮಾಡ್ಯಾಳ. ನಿನ್ನ ಅಣ್ಣನ ಆತ್ಮಕ್ಕ ಶಾಂತಿ ಸಿಗಲಿ, ಬೂದಿ ವಿಚಾರ ನಾಳೆ ಮಾತಾಡೂಣು ಅಂತ. ನಮ್ಮವ್ವಗ ನಾವಿಬ್ರ ಹೆಣ್ಣುಮಕ್ಕಳ್ರೀ. ನನ್ನ ಏಡಿ ಎಲ್ಲೈತಿ?"

ಶಿವಬಸಪ್ಪ ಎಲ್ಲವನ್ನೂ ಹೇಳಿದ. ಹೀಟರಿನಿಂದ ಬಾತ್‌ಟಬ್ಬಿನವರೆಗೆ. ಅಳು ಬರಬಹುದೆಂದು ಕಾದ. ಬಂದದ್ದು ಪ್ರಶ್ನೆ.

"ಎತ್ತಿದಾಗ ಹಗುರ ಇತ್ತೇನು?"

"ಹೂಂ. ಹತ್ತಿಯಂಗ."

"ಒಳಗ ಪೊಳ್ಳು?"

"ಹೂಂ."

"ತೊಟ್ಟಿ ಹತ್ತರ ಹೋಗ್ರಿ. ಹೀಟರ್ ಹಚ್ರಿ ಮೊದಲು. ಮೂಲ್ಯಾಗ ತೆಂಗಿನ ಚಿಪ್ಪು ಐತಲ್ಲ, ಅದರ ಕೆಳಗ ನೋಡ್ರಿ. ಮುಟ್ಟಬ್ಯಾಡ್ರಿ, ಬರೇ ನೋಡ್ರಿ."

ಶಿವಬಸಪ್ಪ ನೆಲಕ್ಕೆ ಮಲಗಿ ನೋಡಿದ. ಕತ್ತಲಲ್ಲಿ ಕಡ್ಡಿಯ ತುದಿಯ ಎರಡು ಕಣ್ಣು. ಅದರ ಹಿಂದೆ ಮಸುಕು ಬಣ್ಣದ, ಬೆಣ್ಣೆಯ ಹಾಗೆ ಮೆತ್ತಗಿನ ಒಂದು ಏಡಿ, ಸ್ನಾನದ ಮನೆಯಲ್ಲಿ ಟವೆಲ್ ಮರೆತವರ ಹಾಗೆ ಮುದುಡಿಕೊಂಡಿತ್ತು.

"ಅವ್ವಾ!" ಎಂದು ಚೀರಿದ. "ಕೆವಿನ್ ಎದ್ದ!"

"ಎದ್ದಿಲ್ಲ, ಸತ್ತೇ ಇಲ್ಲ" ಎಂದಳು ಸ್ಮಿತಾ. "ಶುಕ್ರವಾರ ಅದನ್ನ ಹೇಳಾಕತ್ತಿದ್ದೆ. ಎಲುಬು ಹೊರಗಿದ್ದವು ದೊಡ್ಡದಾಗಬೇಕಂದ್ರ ಹಳೇದನ್ನ ಪೂರಾ ಕಳಚಿ ಬರಬೇಕು. ಹೊಸಾದು ಗಟ್ಟಿ ಆಗೂತನಕ ಅಡಗಿ ಕುಂದ್ರತಾವ."

ಶಿವಬಸಪ್ಪನಿಗೆ ಇದು ನ್ಯಾಯವೆನಿಸಲಿಲ್ಲ. ಎಷ್ಟೋ ವರ್ಷ ಕಾರಿನ ಬಾಡಿ ಡಿಸೈನ್ ಮಾಡಿದ್ದ. ಯಾವ ಕಾರೂ ರಾತ್ರೋರಾತ್ರಿ ಬಾಡಿ ಬಿಟ್ಟು ಹೊರಗೆ ಬಂದು ಗ್ಯಾರೇಜಿನ ಮೂಲೆಯಲ್ಲಿ ಅಡಗಿ ಕೂತಿರಲಿಲ್ಲ. ರುದ್ರಮ್ಮ ಮಾತ್ರ, "ಹಾವು ಪೊರಿ ಬಿಟ್ಟಂಗ! ಅಷ್ಟ ಹೌದಲ್ಲ?" ಎಂದು ತಕ್ಷಣ ಒಪ್ಪಿಕೊಂಡಳು.

"ಈಗ ಇನ್ನೊಂದು ಕೆಲಸ" ಎಂದಳು ಸ್ಮಿತಾ. "ಆ ಪೊರಿ ನನಗ ಸೋಮವಾರ ಬೇಕು. ಇಡೀ ಎಲುಬಿನ ಗೂಡು, ಒಂದೂ ಮುರೀದಂಗ ಸಿಗೂದು ಭಾಗ್ಯ. ಬೆಳಕು ಹರದ ಮ್ಯಾಲ ತೆಗೀರಿ ಹೊರಗ. ಮತ್ತ ರೀ..."

"ಏನು?"

"ಆ ರಘೋತ್ತಮ ಅವರಿಗೆ ಮೀನಿನ ಕಟ್ಟಿ ಮುಂದ ಏನು ಕೆಲಸ ಇತ್ತು, ಗ್ರೂಪಿನಾಗ ಯಾರೂ ಕೇಳಲಿಲ್ಲೇನು? ನಾ ಕೇಳೀನಿ."

ಆ ಪ್ರಶ್ನೆಗೆ ಗ್ರೂಪಿನಲ್ಲಿ "ನಾಯಿಗೆ" ಎಂದು ಒಂದು ಉತ್ತರ ಬಂತು. ರಘೋತ್ತಮನ ಮನೆಯಲ್ಲಿ ನಾಯಿ ಇರಲಿಲ್ಲ ಎಂಬುದನ್ನು ಅವನ ಹೆಂಡತಿಯೇ ಕೆಳಗೆ ಬರೆದಳು. ಏಡಿಯ ಸುದ್ದಿ ಅಲ್ಲಿಗೆ ತಣ್ಣಗಾಯಿತು.

ಭಾನುವಾರ ಬೆಳಿಗ್ಗೆ ಶಿವಬಸಪ್ಪ ಅದೇ ಜಾಗದಲ್ಲಿ ಮೊಣಕಾಲೂರಿ, ಈ ಸಲ ಚಮಚ, ಪೇಂಟ್ ಬ್ರಶ್ಶು ಹಿಡಿದು, ಹರಪ್ಪದ ಉತ್ಖನನ ಮಾಡುವವನ ಹಾಗೆ ಮಣ್ಣು ಸರಿಸುತ್ತಿದ್ದ. ಪೇಢೆ ಡಬ್ಬಿಯ ಮುಚ್ಚಳ ಕಾಣುವುದಕ್ಕೂ ಡೋನಾ ಲಸಾನ್ಯಾದ ಟ್ರೇ ಹಿಡಿದು, ಸಂಘದ ಖಜಾಂಚಿಯ ಜೊತೆ ಬೇಲಿಯ ಹತ್ತಿರ ಬರುವುದಕ್ಕೂ ಸರಿಹೋಯಿತು.

"ಶಿವ್! ನಾನು ಹಾಗೆ ಹೇಳಲಿಲ್ಲ! ಪಾಪ, ಕೆವಿನ್ ಅಲ್ಲೇ ಇರಲಿ! ನಾವು ನಿಯಮ ಸಡಿಲಿಸುತ್ತೇವೆ!"

"ಕೆವಿನ್ ಒಳಗಿದ್ದಾನೆ" ಎಂದ ಶಿವಬಸಪ್ಪ ಗಾಬರಿಯಲ್ಲಿ. "ಇದು ಕೆವಿನ್ ಅಲ್ಲ. ಕೆವಿನ್ ಚೆನ್ನಾಗಿದ್ದಾನೆ. ರಾತ್ರಿ ಊಟವನ್ನೂ ಮಾಡಿದ."

ಖಜಾಂಚಿ ಎರಡು ಹೆಜ್ಜೆ ಹಿಂದೆ ಸರಿದ.

ಇನ್ನು ಉಪಾಯವಿರಲಿಲ್ಲ. ಡಬ್ಬಿ ತೆರೆದು ತೋರಿಸಿದ. ಒಳಗೆ ಕರೆದೊಯ್ದು ತೊಟ್ಟಿ ತೋರಿಸಿದ. ಡೋನಾ ಬಗ್ಗಿ ಚಿಪ್ಪಿನ ಕೆಳಗಿನ ಎರಡು ಕಣ್ಣುಗಳನ್ನು ನೋಡಿದಳು. ಆಮೇಲೆ ಅವಳ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ರುದ್ರಮ್ಮ ನೀರು ತಂದಳು. ಡೋನಾ ನಗುತ್ತ ನಗುತ್ತ ಕೈ ತೊಳೆಯಲು ಬಾತ್‌ರೂಮಿಗೆ ಹೋದಳು, ಅಲ್ಲಿಂದ ಒಂದು ಚೀತ್ಕಾರ ಕೇಳಿತು, ನಂತರ ಅನುಮಾನಾಸ್ಪದವಾದ ಒಂದು ಪ್ರೀತಿಯ ದನಿ.

"ಶಿವ್, ನಾನು ಹುಟ್ಟಿ ಬೆಳೆದದ್ದು ಬಾಲ್ಟಿಮೋರಿನಲ್ಲಿ, ನೀಲಿ ಏಡಿಯ ಊಟಕ್ಕೆ ಹೆಸರಾದ ಊರು. ಈ ನೀಲಿಯವನನ್ನು ನಾನು ಕರೆದುಕೊಂಡು ಹೋಗಲೇ?"

"ಚಲೋತಂಗ ನೋಡಿಕೊಳ್ಳಾಕ ಹೇಳು" ಎಂದಳು ರುದ್ರಮ್ಮ. ಮಗ ಅದನ್ನು ಇಂಗ್ಲಿಷಿಗೆ ಅನುವಾದಿಸಲಿಲ್ಲ. ಲಸಾನ್ಯಾದಲ್ಲಿ ಮಾಂಸವಿತ್ತು; ಅದನ್ನೂ ಆಕೆಯ ಜೊತೆಗೇ ಕಳಿಸಿದರು.

ಸಂಜೆ ಮನೆಗೆ ಬಂದ ಸ್ಮಿತಾ ಬಯ್ಯಲಿಲ್ಲ. ಚೀಲ ಇಟ್ಟು, ತೊಟ್ಟಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಚಿಪ್ಪಿನ ಕಡೆ ನೋಡುತ್ತ ಇದ್ದಳು. "ಇದನ್ನ ನಾಳೆ ಶಾಲಿಗೆ ಒಯ್ಯಂಗಿಲ್ಲ" ಎಂದಳು ಕೊನೆಗೆ. "ಇನ್ನೂ ಮೈ ಗಟ್ಟಿ ಆಗಿಲ್ಲ. ಎಲ್ಲಾರೂ ನೋಡತಾರಂದ್ರ ಹೆದರತೈತಿ." ಅದನ್ನು ಏಡಿಯ ಬಗ್ಗೆ ಹೇಳಿದಳೋ ಏನೋ, ಶಿವಬಸಪ್ಪ ಕೇಳಲಿಲ್ಲ. ಅವಳೇ ಎದ್ದು, ಸೆರಗು ಕೊಡವಿ, "ಬೆಳಿಗ್ಗೆ ರಜಾ ಹಾಕ್ರಿ. ಎಲುಬು ಒಳಗಿರೋ ಪ್ರಾಣಿ ಒಂದು ಬೇಕು ನನಗ" ಎಂದಳು.

ಹೀಗೆ ಸೋಮವಾರ ಶಿವಬಸಪ್ಪ ಏಳು ವರ್ಷದ ಮಕ್ಕಳ ಕುರ್ಚಿಯಲ್ಲಿ, ಮೊಣಕಾಲುಗಳನ್ನು ಕಿವಿಯ ಹತ್ತಿರ ಇಟ್ಟುಕೊಂಡು ಕೂತಿದ್ದ. ಮಕ್ಕಳು ಸಾಲಾಗಿ ಬಂದು ಅವನ ಮೊಣಕೈ ಹಿಸುಕಿ, ಬೆನ್ನುಮೂಳೆ ಎಣಿಸಿ, "ಇದೆ, ಇದೆ" ಎಂದು ಖಾತ್ರಿ ಮಾಡಿಕೊಂಡವು. ಹಿಂದೆ ಪ್ರಿನ್ಸಿಪಾಲ್ ಬರೆದುಕೊಳ್ಳುತ್ತಿದ್ದರು. ಸ್ಮಿತಾಳ ದನಿ ಎರಡು ವಾಕ್ಯದಲ್ಲೇ ನೆಲೆ ಕಂಡುಕೊಂಡಿತು. ಎಲ್ಲ ಸರಿಯಾಗಿತ್ತು, ಅವಳು ಹತ್ತಿಯ ಮೇಲಿಟ್ಟ ಪೊರೆಯನ್ನು ಎತ್ತಿ ತೋರಿಸುವವರೆಗೆ.

"ಕೆವಿನ್ ಸತ್ತಿದ್ದಾನೆ!" ಎಂದಳು ಹೇಲಿ.

ಇಡೀ ತರಗತಿ ಒಟ್ಟಿಗೇ ಅಳತೊಡಗಿತು. ಸ್ಮಿತಾ "ಇಲ್ಲ, ಕೇಳಿ" ಎಂದದ್ದು ಯಾರಿಗೂ ಕೇಳಲಿಲ್ಲ. ಗೋಡೆಯ ಪರದೆಯ ಮೇಲೆ ಬೆಳಗಿನ ವೀಡಿಯೊ ಹಾಕಿದಳು. ಚಿಪ್ಪಿನ ಕೆಳಗಿನಿಂದ ಕೆವಿನ್ ಇಣುಕುತ್ತಿದ್ದ. ಹಿಂದಿನಿಂದ ರುದ್ರಮ್ಮನ ದನಿ, "ಕೆವಿನಪ್ಪಾ, ಈ ಕಡೆ ನೋಡೋ ನನ್ನಪ್ಪ" ಎನ್ನುತ್ತಿತ್ತು. "ಅದು ಹಳೆಯ ವೀಡಿಯೊ!" ಎಂದು ಹೇಲಿ ಇನ್ನೂ ಜೋರಾಗಿ ಅತ್ತಳು. ಪ್ರಿನ್ಸಿಪಾಲರ ಪೆನ್ನು ನಿಂತಿತು.

ಸ್ಮಿತಾ ಗಂಡನ ಕಡೆ ನೋಡಿದಳು.

"ಈ ಪೊರೆಯ ಬೆನ್ನ ಮೇಲೆ ಬಿಳಿ ಗೆರೆ ಕಾಣಿಸುತ್ತಿದೆಯಾ?" ಎಂದು ಮಕ್ಕಳನ್ನು ಕೇಳಿದಳು. ಅಳು ಸ್ವಲ್ಪ ತಗ್ಗಿತು. "ಅದು ಹೇಗೆ ಬಂತು ಅಂತ ಇವರು ಹೇಳುತ್ತಾರೆ. ಇವರೂ ನಿಮ್ಮ ಹಾಗೇ ಕೆವಿನ್ ಸತ್ತ ಅಂತ ತಿಳಿದಿದ್ದರು. ಎಂ.ಎಸ್. ಮಾಡಿದ್ದಾರೆ, ಆದರೂ."

ಶಿವಬಸಪ್ಪ ಕುರ್ಚಿಯ ಸಮೇತ ಎದ್ದು, ಕುರ್ಚಿಯನ್ನು ಬಿಡಿಸಿಕೊಂಡು, ಹೇಳಿದ. ಪೇಢೆ ಡಬ್ಬಿ ಹೇಳಿದ, ಸ್ಕ್ರೂಡ್ರೈವರ್ ಹೇಳಿದ, ಸ್ನೋ ಬೂಟು ಹಾಕಿಕೊಂಡು ಅಜ್ಜಿ ಹಾಡಿದ್ದು ಹೇಳಿದ. ಬಾತ್‌ಟಬ್ಬಿನ ಪೈಲ್ವಾನನ ಹತ್ತಿರ ಬರುವಾಗ ಮಕ್ಕಳು ನೆಲದ ಮೇಲೆ ಉರುಳುತ್ತಿದ್ದವು. ಹೇಲಿಯ ಕೆನ್ನೆಯ ಮೇಲೆ ನೀರು ಇನ್ನೂ ಇತ್ತು, ಆದರೆ ಬಾಯಿ ನಗುತ್ತಿತ್ತು. ನಕ್ಕು ಸುಸ್ತಾದ ಮೇಲೆ ಅವು ಪೊರೆಯನ್ನು ಕೈಯಿಂದ ಕೈಗೆ ದಾಟಿಸಿ, ಒಳಗೆ ಇಣುಕಿ ನೋಡಿ, ಕಾಲು ಎಲ್ಲಿಂದ ಎಳೆದುಕೊಂಡ, ಕಣ್ಣು ಹೇಗೆ ಬಿಡಿಸಿಕೊಂಡ ಎಂದು ಒಂದರ ಮೇಲೊಂದು ಪ್ರಶ್ನೆ ಕೇಳಿದವು. ಸ್ಮಿತಾ ಒಂದೊಂದಕ್ಕೂ ಉತ್ತರ ಹೇಳಿದಳು. ಪ್ರಿನ್ಸಿಪಾಲರ ಪೆನ್ನು ಮತ್ತೆ ಓಡತೊಡಗಿತು.

ಕೊನೆಗೆ ಹೇಲಿ ಶಿವಬಸಪ್ಪನ ಮುಂದೆ ಬಂದು ನಿಂತಳು.

"ಮಣ್ಣು ಮಾಡುವಾಗ ನೀವು ಅತ್ತಿರಾ?"

ಶಿವಬಸಪ್ಪ ಸುತ್ತ ನೋಡಿದ. ಇಷ್ಟಾದ ಮೇಲೆ ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. "ಅತ್ತೆ" ಎಂದ.

"ಕೆವಿನ್ ಅಂದರೆ ನಿಮಗೆ ಅಷ್ಟು ಇಷ್ಟವಾ?"

"ಹಾಗೇನಿಲ್ಲ" ಎಂದ ಶಿವಬಸಪ್ಪ. "ಭಾನುವಾರ ಮಿಸೆಸ್ ಸ್ಮಿತಾ ಮನೆಗೆ ಬರುವವರಿದ್ದರು."

ಮಕ್ಕಳಿಗೆ ಅದು ಅರ್ಥವಾಗಲಿಲ್ಲ. ಪ್ರಿನ್ಸಿಪಾಲರು ಮಾತ್ರ ಪೆನ್ನು ಕೆಳಗಿಟ್ಟು, ಮುಖ ಮುಚ್ಚಿಕೊಂಡು, ಗಂಟೆ ಹೊಡೆಯುವವರೆಗೂ ನಗುತ್ತಲೇ ಇದ್ದರು.